‘ಸೊಸೆ ಅಲ್ಲ’ ಎಂದು ಬರೆದುಕೊಂಡ ನೋಂದಣಾಧಿಕಾರಿಗಳಿಗೆ

ವ್ಯಾಪಾರದ ಹೆಸರುಗಳನ್ನು ನೋಂದಾಯಿಸುವ ಮಾನ್ಯ ಅಧಿಕಾರಿಗಳೇ,

ನಮ್ಮ ಅಂಗಡಿಗೆ ‘ಅತ್ತೆ ಸೊಸೆ’ ಎಂಬ ಹೆಸರನ್ನು ತಾವು ಕೊಡಲಿಲ್ಲ. ಅದು ‘ಸಾರ್ವಜನಿಕರನ್ನು ತಪ್ಪುದಾರಿಗೆ ಎಳೆಯುವಂಥದ್ದು’ ಎಂದು ಷರಾ ಬರೆದು ಅರ್ಜಿಯನ್ನು ತಳ್ಳಿಹಾಕಿದಿರಿ. ತಮ್ಮ ಕಚೇರಿಯಲ್ಲಿ ನಾವು ಬಾಯಿ ತೆರೆದಾಗಲೆಲ್ಲ ಕೆಲಸ ಕೆಟ್ಟಿದೆ. ಆದ್ದರಿಂದ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಬಟ್ಟೆ ಸರಿಮಾಡುವ ಅಂಗಡಿ. ಹೊಸದೇನನ್ನೂ ಹೊಲಿಯುವುದಿಲ್ಲ. ಉದ್ದದ ಪ್ಯಾಂಟನ್ನು ಗಿಡ್ಡ ಮಾಡುತ್ತೇವೆ, ಬಿಗಿಯಾದ ಅಂಗಿಯನ್ನು ಬಿಚ್ಚಿ ಸಡಿಲಿಸುತ್ತೇವೆ, ಕೆಟ್ಟ ಝಿಪ್ಪು ಬದಲಾಯಿಸುತ್ತೇವೆ. ಕಣ್ಣು ಮಂದವಾದ್ದರಿಂದ ಅತ್ತೆಯದು ಕಿಟಕಿ ಪಕ್ಕದ ಮೆಷಿನ್ನು. ಬಾಯಿ ಚುರುಕಾದ್ದರಿಂದ ನನ್ನದು ಬಾಗಿಲ ಪಕ್ಕದ್ದು. ಅತ್ತೆ ಸೊಸೆ ಒಂದೇ ಕೋಣೆಯಲ್ಲಿ ಆಳಿಗೊಂದು ಕತ್ತರಿ ಹಿಡಿದು ಕೂತರೂ ಇಬ್ಬರೂ ಇನ್ನೂ ಜೀವಂತ ಇದ್ದಾರಲ್ಲ ಎಂದು ಗಿರಾಕಿಗಳೇ ತಮಾಷೆಗೆ ಇಟ್ಟ ಹೆಸರು ಅದು. ಹಳೆಯ ಬೀದಿಯಲ್ಲಿ ಅದಕ್ಕೆ ಬೋರ್ಡೂ ಬೇಕಾಗಿರಲಿಲ್ಲ. ಆ ಕಟ್ಟಡ ಕೆಡವಿದರು. ಈಗ ನಾವಿರುವುದು ಮಾರುಕಟ್ಟೆ ಕಟ್ಟಡದ ಹಿಂಭಾಗದಲ್ಲಿ, ಜನರೇಟರಿನ ಪಕ್ಕ. ಇಲ್ಲಿ ನೋಂದಣಿ ಪತ್ರ ತೋರಿಸದೆ ಬೋರ್ಡು ಹಾಕುವಂತಿಲ್ಲ. ಬೋರ್ಡಿಲ್ಲದೆ ಗಿರಾಕಿಗಳು ಬಟ್ಟೆ ಗಂಟು ಹಿಡಿದು ಮುಂಬಾಗಿಲಲ್ಲೇ ಸುತ್ತಾಡಿ ವಾಪಸು ಹೋಗುತ್ತಿದ್ದಾರೆ. ಹೀಗೇ ಹೋದರೆ ಅಂಗಡಿ ಮುಚ್ಚುವುದೊಂದೇ ಬಾಕಿ.

ತಾವು ಸಂಬಂಧಕ್ಕೆ ದಾಖಲೆ ಕೇಳಿದಿರಿ. ನನ್ನ ಬಳಿ ಇದ್ದದ್ದು ಸಂಬಂಧ ಮುಗಿದ ದಾಖಲೆ. ಅತ್ತೆಯ ಮಗ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ, ಕೋರ್ಟು ನಮ್ಮ ಮದುವೆಯನ್ನು ಬಿಡಿಸಿತು. ಮಗನ ಮನೆಗೆ ಹೋಗು ಎಂದು ನೆಂಟರೆಲ್ಲ ಅತ್ತೆಗೆ ಬುದ್ಧಿ ಹೇಳಿದರು. ಅವರು ಮೆಷಿನ್ನು ಬಿಟ್ಟು ಏಳಲಿಲ್ಲ. ಹಾಗೆ ಏಳದೆ ಕೂತದ್ದಕ್ಕೆ ಯಾವ ಕಚೇರಿ ಸರ್ಟಿಫಿಕೇಟು ಕೊಡುತ್ತದೆ, ದಯವಿಟ್ಟು ವಿಳಾಸ ತಿಳಿಸಿ.

“ಡೈವೋರ್ಸ್ ಆದ್ಮೇಲೆ ಇವ್ರು ನಿಮ್ಗೆ ಸೊಸೆ ಹೇಗಾಗ್ತಾರಮ್ಮ?” ಎಂದು ತಾವು ಕೇಳಿದಿರಿ.

“ಇವಳು ಸೊಸೆ ಅಲ್ಲ ಸಾರ್, ನನ್ ಮಗಳು!” ಎಂದರು ಅತ್ತೆ.

ಸ್ವಾಮಿ, ಮನೆಯಲ್ಲಿ ಹೆಂಗಸರ ಮಾತು ಕೇಳಿ ಬೆಳೆದ ಯಾರಿಗಾದರೂ ಇದು ಅರ್ಥವಾಗದ ಮಾತೇ? ಅತ್ತೆಯಾದವಳಿಗೆ ಸೊಸೆಯನ್ನು ಇದಕ್ಕಿಂತ ಹೆಚ್ಚು ಹೊಗಳಲು ಬರುವುದಿಲ್ಲ. ನನ್ನ ಅತ್ತೆ ಅದುವರೆಗೆ ಅಷ್ಟನ್ನೂ ಹೇಳಿದವರಲ್ಲ. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ತಾವು ‘ಸೊಸೆ ಅಲ್ಲವೆಂದು ಅರ್ಜಿದಾರರೇ ಒಪ್ಪಿಕೊಂಡಿರುತ್ತಾರೆ’ ಎಂದು ಬರೆದುಕೊಂಡಾಗಿತ್ತು. ಬೇಕಾದರೆ ‘ತಾಯಿ ಮಗಳು’ ಅಂತ ಹಾಕಿಕೊಳ್ಳಿ, ಇವರ ಜನನ ಪ್ರಮಾಣಪತ್ರ ತನ್ನಿ ಎಂದು ಉಪಕಾರವನ್ನೂ ಮಾಡಿದಿರಿ.

ನಮ್ಮಿಂದ ದಾರಿ ತಪ್ಪಿದ ಆ ಸಾರ್ವಜನಿಕರು ಯಾರು? ಸೊಸೆಯಲ್ಲದವಳು ಹಾಕಿದ ಝಿಪ್ಪು ಯಾರ ಮಾನ ಕಳೆದಿದೆ? ನಮ್ಮೆದುರಿನ ‘ಅಣ್ಣ ತಮ್ಮ ಹಾರ್ಡ್‌ವೇರ್’ನವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ‘ಹೊಸ ಸೈಕಲ್ ಅಂಗಡಿ’ ನನ್ನ ಮದುವೆಗಿಂತಲೂ ಹಳೆಯದು. ಅಪ್ಪನ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಪಕ್ಕದ ಮನೆಯಾಕೆಯೂ ಮಕ್ಕಳ ಬಾಯಲ್ಲಿ ಅತ್ತೆಯೇ. ಮಗನಿಂದ ಹಿಡಿದು ಕೋರ್ಟಿನವರೆಗೆ ಎಲ್ಲರೂ ಕೈಬಿಟ್ಟ ಮೇಲೂ ಅತ್ತೆಯಾಗಿಯೇ ಉಳಿದವಳು ಮಾತ್ರ ಸುಳ್ಳೇ?

ಇಷ್ಟೆಲ್ಲ ತಮ್ಮೆದುರು ನಿಂತಾಗ ನನ್ನ ಬಾಯಿಂದ ಹೊರಡಲಿಲ್ಲ. ಅಲ್ಲಿ ನನ್ನ ಚುರುಕು ಬಾಯಿಗೆ ಬೀಗ ಬೀಳುತ್ತದೆ. ಅಂದಿನಿಂದ ಅತ್ತೆಗೆ ಒಂದೇ ಕೊರಗು. “ಎಲ್ಲಾ ನನ್ ಬಾಯಿಂದಾನೇ ಹಾಳಾಯ್ತು ಕಣೇ” ಎನ್ನುತ್ತಾರೆ. ಹೋದ ವಾರ ಮರುಪರಿಶೀಲನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಕೈಹಿಡಿದು, “ಮಗಳು ಅನ್ಬಾರ್ದು, ಅಲ್ವಾ?” ಎಂದು ಕೇಳಿದರು. “ಬೇಡ ಅತ್ತೆ, ಅನ್ಬೇಡಿ” ಎಂದೆ. ಆ ಮಾತನ್ನು ನನ್ನ ಬಾಯಿಂದಲೇ ಆಡಿಸಿದ್ದಕ್ಕೆ ತಮ್ಮನ್ನು ನಾನು ಕ್ಷಮಿಸಲಾರೆ. ನಾನು ಕ್ಷಮಿಸದಿದ್ದರೆ ತಮಗೇನು ನಷ್ಟ, ಅದೂ ಗೊತ್ತು.

ತಾವು ತಲೆ ಎತ್ತದೆ ಕೇಳಿದಿರಿ: “ಇವ್ರು ನಿಮ್ಗೆ ಏನಾಗ್ಬೇಕು?”

ಅತ್ತೆ ನನ್ನ ಮುಖ ನೋಡಿದರು, ತಾವು ಹಿಡಿದಿದ್ದ ಪೆನ್ನು ನೋಡಿದರು. “ನೀವು ಏನಂತ ಬರ್ಕೊಳ್ತೀರೋ ಅದೇ ಆಗ್ಬೇಕು ಸಾರ್” ಎಂದರು.

‘ಸಮರ್ಪಕ ಉತ್ತರವಿಲ್ಲ’ ಎಂದು ತಾವು ಬರೆದುಕೊಂಡಿರಿ.

ಹೆಸರು ಕೊಡುವುದು ಬಿಡುವುದು ತಮ್ಮ ಕೈಯಲ್ಲಿದೆ. ಇನ್ನು ಅಲೆದಾಡುವ ತ್ರಾಣ ನಮಗಿಲ್ಲ. ನನ್ನ ಬೇಡಿಕೆ ಇಷ್ಟೇ: ಕಡತದಲ್ಲಿರುವ ‘ಒಪ್ಪಿಕೊಂಡಿರುತ್ತಾರೆ’ ಎಂಬ ಸಾಲನ್ನು ಹೊಡೆದುಹಾಕಿ, ಅತ್ತೆ ಅಂದು ಹೇಳಿದ್ದನ್ನು ಪೂರ್ತಿಯಾಗಿ ಬರೆಯಿರಿ. ಬರೆದದ್ದನ್ನು ಅವರೆದುರು ಗಟ್ಟಿಯಾಗಿ ಓದಿ. ಏಕೆಂದರೆ ಈಗ ಅವರು ನನ್ನನ್ನು ಏನೆಂದೂ ಕರೆಯುವುದಿಲ್ಲ. ಏನಾದರೂ ಬೇಕಾದರೆ “ಇಲ್ನೋಡು” ಎನ್ನುತ್ತಾರೆ. ಅದನ್ನೂ ಯಾರಾದರೂ ಬರೆದುಕೊಳ್ಳುತ್ತಿದ್ದಾರೇನೋ ಎಂದು ಬಾಗಿಲ ಕಡೆ ನೋಡಿಕೊಂಡು ಹೇಳುತ್ತಾರೆ.

ಇಂತಿ,
ಆಕೆಗೆ ಏನಾಗಬೇಕೆಂದು ತಾವೇ ತಿಳಿಸಬೇಕಾಗಿರುವ
ಎರಡನೆಯ ಅರ್ಜಿದಾರಳು