ತಟ್ಟೆಯಲ್ಲ, ಬೋಗುಣಿ

ಸೋಮವಾರ, 6 ನವೆಂಬರ್ 1961
ಎಂಟನೇ ಕ್ಲಾಸಿನ ಸೈನ್ಸ್ ಪೇಪರ್ ತಿದ್ದುವುದು ಅರ್ಧ ಮುಗಿದಿತ್ತು. ಅಷ್ಟರಲ್ಲಿ ಕರಿಬಸವರಾಜ ಬಂದ. ಹತ್ತಿ ಸಾಹುಕಾರ, ನಮ್ಮ ಸ್ಕೂಲ್ ಕಮಿಟಿ ಸೆಕ್ರೆಟರಿ. ಮನೆಗೆ ಬಂದದ್ದು ಇದೇ ಮೊದಲು. ಕೈಯಲ್ಲಿ ತಗಡಿನ ಡಬ್ಬಿ, ಒಳಗೆ ಸಿನಿಮಾ ರೀಲು. ಹರಿಹರದ ಸೇತುವೆ ಹತ್ತಿರ ತಾನೇ ತೆಗೆದದ್ದಂತೆ. ಹಾರುವ ತಟ್ಟೆ!

“ಸ್ಕೂಲಿನ ಪ್ರೊಜೆಕ್ಟರ್ ನಡ್ಸೋದು ನಿಮಗೊಬ್ರಿಗೇ ಗೊತ್ತು. ಸರಿಯಾಗಿ ನೋಡಿ, ಇಂಗ್ಲಿಷ್‌ನಾಗೆ ರಿಪೋರ್ಟ್ ಬರ್ದು ಕೊಡ್ರಿ. ಅಮೆರಿಕಾದಾಗೆ ಇಂಥಾದ್ದು ಪರೀಕ್ಷೆ ಮಾಡೋರಿಗೆ ಕಳಿಸ್ತೀನಿ. ನಿಮ್ಮ ಹೆಸರು ಬ್ಯಾಡ.”

ಹೂಂ ಎಂದೆ.

ಮೂರು ವರ್ಷದ ಹಿಂದೆ ಅದೇ ಸೇತುವೆಯ ಮೇಲೆ ನಾನು ಕಂಡದ್ದನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಮಗುಚಿದ ಬೋಗುಣಿಯಂತಿತ್ತು, ಸದ್ದಿಲ್ಲದೆ ಹೋಯಿತು ಎಂದು. ಇದೇ ಮನುಷ್ಯ ಕಮಿಟಿಯಲ್ಲಿ “ಆಕೆಗೆ ತಲೆ ಸರಿಯಿಲ್ಲ” ಎಂದ. ಹೆಡ್‌ಮಿಸ್ಟ್ರೆಸ್ ಕುರ್ಚಿಯಿಂದ ಇಳಿಸಿದ. ಅಂದಿನಿಂದ ದಾವಣಗೆರೆಗೆಲ್ಲ ‘ಬೋಗುಣಿ ಟೀಚರ್’ ನಾನು.

ಹೂಂ ಎಂದದ್ದು ಯಾಕೆ? ವಿಜ್ಞಾನಕ್ಕಾಗಿ ಅಲ್ಲ. ರೀಲು ಸುಳ್ಳಾಗಿರಲಿ ಎಂಬ ಆಸೆಗೆ.

ಗುರುವಾರ, 9
ಲ್ಯಾಬಿನ ಕಿಟಕಿಗೆ ಕಂಬಳಿ ಕಟ್ಟಿ ನೋಡಿದೆ. ಜೊತೆಗೆ ಆಯಾ ರಂಗವ್ವ. ಲೆನ್ಸಿನ ಕಲೆ ಇರಬಹುದೆಂದುಕೊಂಡೆ. ಅಲ್ಲ, ಸೇತುವೆಯ ಕಂಬದ ಹಿಂದೆ ಮರೆಯಾಗಿ ಆಚೆ ಹೊರಬರುತ್ತದೆ. ಹಕ್ಕಿಯೂ ಅಲ್ಲ, ಗಾಳಿಪಟವೂ ಅಲ್ಲ.

ರೀಲು ಓಡುವಾಗ ಬರೀ ಬಿಳಿ ಚುಕ್ಕೆ. ಕೊನೆಗೊಮ್ಮೆ ರೆಪ್ಪೆ ಬಡಿಯುವಷ್ಟು ಹೊತ್ತು ವಾಲುತ್ತದೆ. ಆ ಒಂದು ಚಿತ್ರದಲ್ಲಿ ನಿಲ್ಲಿಸಿದರೆ ಮಾತ್ರ ಆಕಾರ ಕಾಣುತ್ತದೆ. ಹೆಚ್ಚು ಹೊತ್ತು ನಿಲ್ಲಿಸುವಂತಿಲ್ಲ. ಶಾಖ ತಡೆಯುವ ಜಾಲರಿ ಮುರಿದಿದೆ, ಲ್ಯಾಂಪಿನ ಬಿಸಿಗೆ ಫಿಲ್ಮು ಕರಗುತ್ತದೆ.

ನಿಲ್ಲಿಸಿದೆ. ಬಿಟ್ಟೆ.

ರಂಗವ್ವ ಮೆಲ್ಲಗೆ, “ಅಕ್ಕಾರೇ, ನೀವು ಅವತ್ತು ಹೇಳಿದ್ದು ಇದೇ ಅಲ್ಲೇನ್ರೀ?”

ನನಗೆ ಹುಚ್ಚಿಲ್ಲ ಎನ್ನಲು ಲೋಕದಲ್ಲಿರುವ ಒಂದೇ ಸಾಕ್ಷಿ. ಅದೂ ಅವನ ಡಬ್ಬಿಯಲ್ಲಿ.

ಶನಿವಾರ, 11
ಅವನ ಅಂಗಡಿಗೆ ಹೋಗಿ ಕೇಳಿದೆ. ಮೊದಲು ಕಂಡದ್ದು ನಾನೆಂದು ರಿಪೋರ್ಟಿನಲ್ಲಿ ಒಂದು ಸಾಲು ಸೇರಿಸೋಣ, ಅಷ್ಟೇ.

“ನಿಮ್ದು ಬೋಗುಣಿ, ನಮ್ದು ತಟ್ಟೆ. ಹೆಂಗ್ ಒಂದೇ ಆಗ್ತೈತ್ರೀ ಟೀಚರ್?”

ದಲಾಲರೆಲ್ಲ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ?

ಮುಂದಿನ ಭಾನುವಾರ ಸ್ಕೂಲ್ ಮೈದಾನದಲ್ಲಿ ಊರಿಗೆಲ್ಲ ತೋರಿಸುತ್ತಾನಂತೆ. “ಮಷಿನ್ ನೀವು ನೋಡ್ಕೊಳ್ರಿ, ಮಾತು ನಾನಾಡ್ತೀನಿ. ಹುಷಾರು, ಇನ್ನೊಂದು ಕಾಪಿ ಇಲ್ಲ.”

ಶನಿವಾರ, 18
ರಿಪೋರ್ಟ್ ಮುಗಿಯಿತು. ಒಂದು ಸುಳ್ಳನ್ನೂ ಬರೆದಿಲ್ಲ. ಆ ಒಂದು ಚಿತ್ರವಿಲ್ಲದಿದ್ದರೆ ಉಳಿದದ್ದು ಚುಕ್ಕೆ, ಯಾರೂ ನಂಬಲಾರರು ಎಂದೂ ಬರೆದೆ. ನಿಜವೇ ತಾನೆ.

ಸಂಜೆ ಹಳೆಯ ಮಲೇರಿಯಾ ಫಿಲ್ಮಿನ ತುಂಡೊಂದನ್ನು ನಿಲ್ಲಿಸಿ ನೋಡಿದೆ. ಮೊದಲು ಕಂದು ಬೊಟ್ಟು, ಆಮೇಲೆ ತೂತು. ಜನ ನೋಡುವಷ್ಟು ಹೊತ್ತು ಸಿಗುತ್ತದೆ.

ಸುಟ್ಟರೆ ನನ್ನ ಸಾಕ್ಷಿಯೂ ಸುಡುತ್ತದಲ್ಲ? ಅವನಿಗೆ ಅಮೆರಿಕಾ ಬೇಕು. ನನಗೆ ಈ ಊರಿನವರು ಒಮ್ಮೆ ನೋಡಿದರೆ ಸಾಕು… ಇದನ್ನು ನ್ಯಾಯ ಎನ್ನಲಾರೆ. ಇದರ ನಿಜವಾದ ಹೆಸರು ಗೊತ್ತಿದೆ. ಬರೆಯುವುದಿಲ್ಲ.

ಭಾನುವಾರ, 19. ರಾತ್ರಿ 8-30
ಮೈದಾನ ತುಂಬಿತ್ತು. ಅವನು ಮೈಕಿನಲ್ಲಿ ತಟ್ಟೆ, ತಟ್ಟೆ ಎನ್ನುತ್ತಿದ್ದ. ಚುಕ್ಕೆ ಕಂಬ ದಾಟಿತು. ವಾಲಿತು. ನಿಲ್ಲಿಸಿದೆ.

ಸೋಡಾ ಅಂಗಡಿ ರೌಫ್ ಎದ್ದು ನಿಂತು ಕೂಗಿದ: “ಅರೇ, ಎಲ್ಲೈತ್ರೀ ತಟ್ಟೆ? ಟೀಚರಮ್ಮನ ಬೋಗುಣಿ ಐತಲ್ರೀ!”

ಮೈದಾನವೆಲ್ಲ ಅದೇ ಕೂಗು. ಬೋಗುಣಿ, ಬೋಗುಣಿ. ಮೂರು ವರ್ಷ ನನ್ನನ್ನು ಚುಚ್ಚಿದ ಶಬ್ದ.

“ಬಿಡ್ರೀ! ಓಡ್ಸ್ರೀ ಅದನ್ನ!” ಅವನು ಮೈಕಿನಲ್ಲೇ ಕಿರುಚಿದ. ಕಂದು ಬೊಟ್ಟು ಮೂಡಿತು. ರೀಲು ನಿಲ್ಲಿಸುವ ಲಿವರ್ ನನ್ನ ಕೈಯಲ್ಲಿತ್ತು, ಬಿಡಬಹುದಿತ್ತು. ತೂತಾಗಿ ಪರದೆ ಬೆಳ್ಳಗಾಗುವವರೆಗೂ ಬಿಡಲಿಲ್ಲ.

ಸಂತೋಷವಾಗಿದೆಯೇ? ಆಗಿದೆ.

ಈಗ ಅವನೇ ಬಾಗಿಲು ಬಡಿಯುತ್ತಿದ್ದಾನೆ. ಟೀಚರ್ ಎನ್ನುತ್ತಿಲ್ಲ. “ಶಕುಂತಲಮ್ಮಾರೇ…” ಮೊದಲ ಸಲ ಹೆಸರು ಹಿಡಿದು. ಚಿತ್ರ ಹೋಯಿತು, ಅಮೆರಿಕಾದವರನ್ನು ನಂಬಿಸಲು ಅವನಿಗಿನ್ನು ನನ್ನ ಮಾತೊಂದೇ ಗತಿ. ಇನ್ನೊಮ್ಮೆ ಕರೆಯಲಿ, ಆಮೇಲೆ ಬಾಗಿಲು ತೆಗೆಯುತ್ತೇನೆ.