ಗಂಟೆಗೊಂದು ಸಾಲು

ಭಾನುವಾರ,
ಹಬ್ಬ ಕಳೆದ ಹನ್ನೆರಡನೆಯ ದಿನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಫೋನು ಮಾಡಿದರೆ ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಹರಿದು ಹಾಕುವ ಮುಂಚೆ ಒಂದು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಶಾಲೆಯಲ್ಲಿ ನಾಳೆಯ ಪ್ರಾರ್ಥನೆ ಮುಗಿದು ಹೋಗಿರುತ್ತದೆ.

ಚೂಟಿಯ ಕಂಪಾಸ್ ಡಬ್ಬಿಯಲ್ಲಿ ನೀನು ಇಟ್ಟು ಕಳಿಸಿದ ಚೀಟಿ ಸಿಕ್ಕಿತು. ಎಲ್ಲರೆದುರು ಕ್ಷಮೆ ಕೇಳಿಬಿಡು, ಇಲ್ಲದಿದ್ದರೆ ಮನೆಯವರು ಮಗುವನ್ನು ಬೇರೆ ಶಾಲೆಗೆ ಹಾಕುತ್ತಾರೆ ಎಂದು ಬರೆದಿದ್ದೀಯ. ಹೆಡ್ಮಾಸ್ಟರದೂ ಅದೇ ರಾಗ. ಪ್ರಾರ್ಥನೆಯ ಹೊತ್ತಿಗೆ ಕ್ಷಮೆ ಕೇಳದಿದ್ದರೆ ಐದನೇ ತರಗತಿಯನ್ನು ನನ್ನಿಂದ ಕಿತ್ತುಕೊಂಡು, ನಿವೃತ್ತಿಯವರೆಗೆ ಲೈಬ್ರರಿಯಲ್ಲಿ ಕೂರಿಸುತ್ತಾರಂತೆ. ಕೂರಿಸಲಿ. ಧೂಳಿಗೆ ಹೆದರುವ ವಯಸ್ಸಲ್ಲ ನನ್ನದು. ಆದರೆ ಚೂಟಿಯ ವಿಷಯ ಓದಿ ಹೆದರಿದೆ, ಸುಳ್ಳು ಹೇಳುವುದಿಲ್ಲ. ನೀನು ತವರಿನ ಹೊಸಿಲು ತುಳಿಯದೆ ಎರಡು ವರ್ಷವಾಯಿತು. ಮೊಮ್ಮಗಳನ್ನು ನಾನು ನೋಡುವುದು ತರಗತಿಯ ಮೂರನೆಯ ಬೆಂಚಿನಲ್ಲಿ ಮಾತ್ರ. ಅದೂ ಹೋದರೆ ನನಗೆ ಉಳಿಯುವುದೇನು?

ಆದರೂ ಕೇಳುವುದಿಲ್ಲ ಕಣೇ. ಜಪ್ಪಯ್ಯ ಅಂದರೂ ಕೇಳುವುದಿಲ್ಲ.

ನಡೆದದ್ದನ್ನು ಯಾರು ನಿನಗೆ ಏನೇನು ಸೇರಿಸಿ ಹೇಳಿದ್ದಾರೋ, ಈಗ ನನ್ನಿಂದ ಕೇಳು. ‘ನಮ್ಮ ಹಬ್ಬಗಳು, ನಮ್ಮ ಸಂಪ್ರದಾಯಗಳು’ ಪಾಠವನ್ನು ಮೂವತ್ತನಾಲ್ಕು ವರ್ಷ ಗಿಣಿಪಾಠ ಒಪ್ಪಿಸಿದವಳು ನಾನು. ನಿನಗೂ ನಾನೇ ಉರು ಹೊಡೆಸಿದ್ದೆ. ಹಬ್ಬಗಳನ್ನು ಏಕೆ ಆಚರಿಸುತ್ತೇವೆ? ಹಿರಿಯರನ್ನು ನೆನೆಯಲು, ದೇವರಿಗೆ ಕೃತಜ್ಞತೆ ಹೇಳಲು, ನೆಂಟರಿಷ್ಟರ ಜೊತೆ ಸಂತೋಷ ಹಂಚಿಕೊಳ್ಳಲು. ಮೂರು ಕಾರಣಕ್ಕೆ ಮೂರು ಅಂಕ, ಮುಗಿಯಿತು. ಈ ವರ್ಷವೂ ಸಂಪ್ರದಾಯ ಎಂದರೆ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಎಂದು ಬರೆಸುತ್ತಿದ್ದೆ. ನಿನ್ನ ಮಗಳು ಎದ್ದು ನಿಂತು, ಯಾರು ಮಾಡ್ಕೊಂಡ್ ಬಂದಿದ್ದು ಮಿಸ್ ಅಂತ ಕೇಳಿಬಿಟ್ಟಳು. ಶಾಲೆಯಲ್ಲಿ ಅಜ್ಜಿ ಅನ್ನಕೂಡದು ಅಂತ ನಾನೇ ತಾಕೀತು ಮಾಡಿದ್ದೇನೆ, ಅದನ್ನೂ ಮರೆಯಲಿಲ್ಲ ಆ ಕಿಲಾಡಿ. ನಾನು ಪುಟ ತಿರುವಿ ನೋಡಿದೆ. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಸರಿ, ನೀವೇ ಕಂಡುಹಿಡಿದುಕೊಂಡು ಬನ್ನಿ ಎಂದು ಹೋಂವರ್ಕ್ ಕೊಟ್ಟೆ. ಹಬ್ಬದ ದಿನ ಗಡಿಯಾರ ನೋಡಿಕೊಂಡು ಗಂಟೆಗೊಂದು ಸಾಲು ಬರೆಯಬೇಕು. ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ, ಅಷ್ಟೇ. ನಲವತ್ತೊಂದು ಹಾಳೆ ಬಂದವು. ಹೆಸರಿನ ಮೇಲೆ ಕಾಗದ ಅಂಟಿಸಿ, ನಂಬರು ಹಾಕಿ, ಪೋಷಕರ ಸಭೆಯ ದಿನ ವರಾಂಡದ ಗೋಡೆಗೆ ಹಾಕಿದೆ. ಹೆಸರಿಲ್ಲದಿದ್ದರೆ ಯಾರಿಗೂ ಚುಚ್ಚುವುದಿಲ್ಲ ಎಂದುಕೊಂಡಿದ್ದೆ, ನನ್ನ ಪೆದ್ದುತನ. ಹದಿನೇಳನೆಯ ಹಾಳೆ ನಮ್ಮ ಮನೆಯದೇ, ನಮ್ಮ ಮಾನ ಹರಾಜು ಹಾಕಿದ್ದೀರಿ ಎಂದು ಐದು ಮನೆಯವರು ಜಗಳಕ್ಕೆ ಬಂದರು! ಅವರಲ್ಲಿ ನಿನ್ನ ಅತ್ತೆಯೂ ಒಬ್ಬರು. ನಗು ತಡೆಯಲಾರದೆ ನಾನು ಸೀಮೆಸುಣ್ಣ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಬೇಕಾಯಿತು.

ಐವರಲ್ಲಿ ನಿನ್ನ ಅತ್ತೆಯದೇ ಸರಿ, ಅದು ಚೂಟಿಯ ಹಾಳೆ. ಅದರಲ್ಲಿ ಬೈಗುಳವಿತ್ತೇ? ಆರು ಗಂಟೆ: ಅಮ್ಮ ನೆಲ ಒರೆಸುತ್ತಿದ್ದಾಳೆ. ಒಂಬತ್ತು ಗಂಟೆ: ಅಮ್ಮ ಒಲೆಯ ಮುಂದೆ ಇದ್ದಾಳೆ, ಅಪ್ಪ ಹೊಸ ಅಂಗಿ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ. ಒಂದು ಗಂಟೆ: ಎಲ್ಲರೂ ಊಟ ಮಾಡುತ್ತಿದ್ದೇವೆ, ಅಮ್ಮ ಬಡಿಸುತ್ತಿದ್ದಾಳೆ. ಮೂರು ಗಂಟೆ: ಅಮ್ಮ ನಿಂತುಕೊಂಡು ಪಾತ್ರೆಯಿಂದಲೇ ತಿನ್ನುತ್ತಿದ್ದಾಳೆ, ಸಿಹಿ ಖಾಲಿ. ಇಷ್ಟಕ್ಕೇ ಅಳಿಯಂದಿರು ಕೆಂಡಾಮಂಡಲವಾಗಿ, ಮಕ್ಕಳ ಕೈಯಲ್ಲಿ ಮನೆ ಗುಟ್ಟು ಬರೆಸ್ತೀರಾ ಅಂತ ಕೂಗಾಡಿದರು. ಮೂವತ್ತೆಂಟು ಹಾಳೆಯಲ್ಲಿ ಇದೇ ಕಥೆ ಇದೆ, ಊರಿಗೆಲ್ಲ ಗೊತ್ತಿರೋದು ಗುಟ್ಟು ಹೇಗಾಗುತ್ತಪ್ಪಾ ಅಂತ ಕೇಳಿದೆ. ಅವರು ನೇರ ಹೆಡ್ಮಾಸ್ಟರ ಕೋಣೆಗೆ ನುಗ್ಗಿದರು.

ಹಬ್ಬವೇ ಬೇಡ ಅನ್ನುವವಳಲ್ಲ ನಾನು. ಹೊಸ ಬಟ್ಟೆಯ ಗರಿಗರಿ, ಮನೆ ತುಂಬ ಜನ, ಚಪ್ಪಲಿ ಇಡಲು ಜಾಗವಿಲ್ಲದ ಬಾಗಿಲು, ಇವೆಲ್ಲ ನನಗೆ ಇವತ್ತಿಗೂ ಇಷ್ಟ. ಮಕ್ಕಳಿಗೆ ಅದನ್ನೂ ಹೇಳಿದ್ದೇನೆ. ಆದರೆ ಪಾಠದ ಕೊನೆಯಲ್ಲಿ ‘ಎಲ್ಲರೂ ಸೇರಿ ನಲಿಯುತ್ತಾರೆ’ ಎಂದಿದೆಯಲ್ಲ, ಆ ಎಲ್ಲರಲ್ಲಿ ನೀನೂ ಇರಬೇಕು. ಇಲ್ಲದಿದ್ದರೆ ಅದನ್ನು ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ.

ಈಗ ಹೇಳಲು ನಾಲಿಗೆ ಏಳದ ಮಾತು. ನಿನಗಾಗ ಹತ್ತು ವರ್ಷ. ಹಬ್ಬಕ್ಕೆ ನೆಂಟರು ಬಂದಿದ್ದರು. ನೀನು ಹಸಿವು ತಾಳಲಾರದೆ ಚಿಕ್ಕಪ್ಪಂದಿರ ಪಕ್ಕ ಊಟಕ್ಕೆ ಹೋಗಿ ಕೂತೆ. ನಾನು ರಟ್ಟೆ ಹಿಡಿದು ಎಬ್ಬಿಸಿ, ಹೆಣ್ಣುಮಕ್ಕಳು ಆಮೇಲೆ ಅಂತ ಅಡುಗೆಮನೆಗೆ ಎಳೆದುಕೊಂಡು ಹೋದೆ. ನೀನು ಅಳಲಿಲ್ಲ. ಎಷ್ಟು ಜಾಣೆ ನೋಡಿ ನಮ್ಮ ಹುಡುಗಿ ಎಂದು ನಾನು ಎಲ್ಲರೆದುರು ಹೊಗಳಿದೆ. ಆ ಹೊಗಳಿಕೆ ಉಳಿಸಿಕೊಳ್ಳಲು ನೀನು ಇವತ್ತಿನವರೆಗೂ ಒದ್ದಾಡುತ್ತಿದ್ದೀಯ. ನಿನ್ನ ಅತ್ತೆಯನ್ನು ಬೈದು ಏನು ಪ್ರಯೋಜನ? ಯಾರು ಮಾಡಿಕೊಂಡು ಬಂದದ್ದು ಎಂದು ಚೂಟಿ ಕೇಳಿದಾಗ, ನಾನು ಕಣೇ ಅಂತ ಹೇಳಬೇಕಿತ್ತು. ಕ್ಷಮೆ ಕೇಳುವುದಿದ್ದರೆ ನಿನ್ನ ಹತ್ತಿರ ಕೇಳಬೇಕು. ಕೇಳುತ್ತಿದ್ದೇನೆ. ನನ್ನದು ತಪ್ಪಾಯಿತು ಮಗಳೇ.

ಹೆಡ್ಮಾಸ್ಟರಿಗೆ ಮಾತ್ರ ಕೇಳುವುದಿಲ್ಲ. ನಾಳೆ ನನ್ನ ಕೈಗೆ ಮೈಕು ಕೊಟ್ಟರೆ ಹದಿನೇಳನೆಯ ಹಾಳೆಯನ್ನೇ ಗಟ್ಟಿಯಾಗಿ ಓದುತ್ತೇನೆ. ಗೋಡೆಯಿಂದ ಕಿತ್ತರೆ ನಲವತ್ತೊಂದನ್ನೂ ಕೈಯಲ್ಲೇ ನಕಲು ಮಾಡಿ ಲೈಬ್ರರಿಯಲ್ಲಿ ಹಾಕುತ್ತೇನೆ, ಹೇಗೂ ಅಲ್ಲೇ ಕೂರಿಸುತ್ತಾರಲ್ಲ. ಚೂಟಿಯನ್ನು ಕರೆದುಕೊಂಡು ಹೋದರೆ ನಾನು ಅಳುತ್ತೇನೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳಿಸುವಂತೆಯೇ ಅಳುತ್ತೇನೆ. ಆದರೆ ಆ ಮಗು ಕಣ್ಣಾರೆ ಕಂಡು ಬರೆದದ್ದನ್ನು ತಪ್ಪು ಅಂತ ಅವಳೆದುರೇ ನಿಂತು ಹೇಳಲಾರೆ. ಅವಳನ್ನೂ ಜಾಣೆ ಮಾಡುವ ಕೆಲಸ ನನ್ನಿಂದ ಆಗುವುದಿಲ್ಲ.

ಇತಿ,
ಈ ವಯಸ್ಸಿನಲ್ಲಿ ಹಟ ಕಲಿತ
ನಿನ್ನ ಅಮ್ಮ

ತಾ.ಕ.: ಹದಿನೇಳನೆಯ ಹಾಳೆಯ ತುದಿಯಲ್ಲಿ ಇನ್ನೊಂದು ಗಂಟೆಯ ಸಾಲೂ ಇತ್ತು. ಗೋಡೆಗೆ ಹಾಕುವ ಮೊದಲು ಅದನ್ನು ಕತ್ತರಿಸಿ ಇಟ್ಟುಕೊಂಡೆ. ನನ್ನ ಬಿಟ್ಟು ಯಾರೂ ಓದಿಲ್ಲ, ಹೆಡ್ಮಾಸ್ಟರಿಗೂ ತೋರಿಸಿಲ್ಲ. ಈ ಕಾಗದದ ಒಳಗೇ ಮಡಚಿ ಇಟ್ಟಿದ್ದೇನೆ, ನಿನ್ನ ಮಗಳ ಅಕ್ಷರ ನೀನೇ ನೋಡು. ‘ಏಳು ಗಂಟೆ: ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಾಳೆ. ಏನು ಬೇಕು ಅಂತ ಕೇಳಿದೆ. ಅವಳಿಗೆ ಅವಳ ಅಮ್ಮ ಬೇಕಂತೆ.’

ಬಂದುಬಿಡೇ. ಯಾರನ್ನೂ ಕೇಳಬೇಡ.