ಸೇತುವೆ ದಾಟಿ ಬಂದ ಕನ್ನಡಕ

ಫೇರ್‌ಫ್ಯಾಕ್ಸ್, ವರ್ಜೀನಿಯಾ
5 ಮೇ 2024, ಭಾನುವಾರ

ಪ್ರೀತಿಯ ಪುಟ್ಟಾ, ಸೌರಭಾ,

ಹೇಗಿದ್ದೀಯೋ? ಕೆಮ್ಮು ಹೋಯಿತಾ? ಕೆಮ್ಮಿನ ವಿಷಯ ನಿಮ್ಮಪ್ಪನಿಂದ ಗೊತ್ತಾಯಿತು. ಶನಿವಾರ ನೀನು ಅವರಿಗೆ ಫೋನ್ ಮಾಡುತ್ತೀಯ, ಅವರು ಗ್ಯಾರೇಜಿಗೆ ಹೋಗಿ ಮಾತಾಡುತ್ತಾರೆ, ನಾನು ಅಡುಗೆಮನೆಯಲ್ಲಿ ನಿಂತು ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿರುತ್ತೇನೆ. ಒಳಗೆ ಬಂದವರು "ಚೆನ್ನಾಗಿದ್ದಾನೆ" ಎನ್ನುತ್ತಾರೆ. ಇನ್ನೇನಂದ ಎಂದರೆ "ಕೆಮ್ಮು" ಎನ್ನುತ್ತಾರೆ. ಒಣ ಕೆಮ್ಮೋ ಕಫದ್ದೋ ಎಂದರೆ "ಅದೆಲ್ಲ ಕೇಳ್ಲಿಲ್ಲ ಕಣೇ" ಎಂದು ಟೀವಿ ಮುಂದೆ ಕೂರುತ್ತಾರೆ. ಆರು ತಿಂಗಳಿಂದ ನನಗೆ ಸಿಗುತ್ತಿರುವ ಮಗ ಇಷ್ಟೇ. ಆರು ತಿಂಗಳು ಕಣೋ! ನನ್ನ ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಕಳಿಸಿದೆ, ಯುಗಾದಿಗೆ ಒಬ್ಬಟ್ಟು ಕಳಿಸಿದೆ, ತಲುಪಿತೋ ಇಲ್ಲವೋ ಎಂದು ಸಹ ನೀನು ಹೇಳಲಿಲ್ಲ. ಬಿಸಿನೀರಿಗೆ ಮೆಣಸಿನಪುಡಿ, ಜೇನುತುಪ್ಪ ಹಾಕಿ ಕುಡಿ. ಕಾಳುಮೆಣಸು, ಖಾರದ ಪುಡಿಯಲ್ಲ, ನಿನ್ನನ್ನು ನಂಬುವ ಹಾಗಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ನಿಮ್ಮಪ್ಪ ಕ್ಷೇಮವಾಗಿದ್ದಾರೆ. ನಾನು ಚೆನ್ನಾಗಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ, ಅದೂ ಕನ್ನಡದಲ್ಲಿ ಯಾಕೆ ಎಂದು ನಿನಗೆ ಸಿಟ್ಟು ಬರಬಹುದು. ಕಾರಣವಿದೆ. ಇಂಗ್ಲಿಷಿನಲ್ಲಿ ಕಳಿಸಿದರೆ ಒಂದೇ ನೋಟಕ್ಕೆ ಓದಿ ಅಳಿಸಿಹಾಕುತ್ತೀಯ. ಕನ್ನಡ ಮಾತ್ರ ನಿನಗೆ ಮನಸ್ಸಿನೊಳಗೇ ಓದಿಕೊಳ್ಳಲು ಬರುವುದಿಲ್ಲ. ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತ ಹಾಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಬೇಕು. ಅಂದಮೇಲೆ ಅಷ್ಟು ಹೊತ್ತು ನನ್ನ ಮಾತು ನಿನ್ನ ಬಾಯಲ್ಲಿರುತ್ತದೆ. ಅಮ್ಮ ಎಂದು ಬರೆದಲ್ಲೆಲ್ಲ ನೀನು ಅಮ್ಮ ಎನ್ನಲೇಬೇಕು. ಹೇಗಿದೆ ನಿಮ್ಮಮ್ಮನ ಉಪಾಯ? ಫೋನ್ ಹಿಡಿದು ಟ್ರಾನ್ಸ್‌ಲೇಟ್ ಮಾಡುವ ಆಸೆ ಬೇಡ. ನನ್ನ ಕೈಬರಹ ಅದಕ್ಕೆ ದಕ್ಕುವುದಿಲ್ಲ, ಪರೀಕ್ಷೆ ಮಾಡಿ ನೋಡಿಯೇ ಬರೆಯುತ್ತಿದ್ದೇನೆ. ಮೊದಲ ಪುಟ ತೋರಿಸಿದ್ದಕ್ಕೆ ಅದು ಹಪ್ಪಳ ಒಣಗಿಸುವುದು ಹೇಗೆಂದು ಹೇಳಿತು. ಒತ್ತಕ್ಷರ ಬಂದಲ್ಲಿ ನಿಂತು, ಉಸಿರು ತೆಗೆದುಕೊಂಡು ಓದು. ಇಷ್ಟುದ್ದದ ಕಾಗದಕ್ಕೆ ನಿನಗೆ ಒಂದು ಗಂಟೆಯಾದರೂ ಬೇಕು. ಆ ಒಂದು ಗಂಟೆಗಾಗಿಯೇ ಇದನ್ನು ಇಷ್ಟು ಎಳೆಯುತ್ತಿದ್ದೇನೆ ಎಂದುಕೊಂಡರೂ ತಪ್ಪಿಲ್ಲ.

ಎಳೆದದ್ದು ಸಾಕು. ಕಳೆದ ಅಕ್ಟೋಬರಿನಲ್ಲಿ ನಾವಿಬ್ಬರೂ ಜರ್ಮನ್‌ಟೌನಿಗೆ, ರಾಜಲಕ್ಷ್ಮಿ ಆಂಟಿಯ ಮನೆಯ ದಸರಾ ಗೊಂಬೆ ನೋಡಲು ಹೊರಟಿದ್ದೆವು. ನೀನು ಡ್ರೈವ್ ಮಾಡುತ್ತಿದ್ದೆ. ಬೆಲ್ಟ್‌ವೇಯಲ್ಲಿ ಪೊಟೊಮ್ಯಾಕ್ ನದಿಯ ಸೇತುವೆ ಹತ್ತುವ ಮೊದಲೇ ನಿನ್ನ ಮಾತು ನಿಂತಿತ್ತು. ಹೇಗೋ ದಾಟಿದೆ, ದಾಟಿದವನೇ ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿಬಿಟ್ಟೆ. ಸ್ಟೀರಿಂಗ್ ಹಿಡಿದ ಬೆರಳುಗಳು ಬಿಡಿಸಿದರೂ ಬರುತ್ತಿರಲಿಲ್ಲ, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. "ಅಮ್ಮಾ, ಐ ಕಾಂಟ್. ಉಸಿರು ಬರ್ತಿಲ್ಲ" ಎಂದೆ. ಇಪ್ಪತ್ತು ನಿಮಿಷ ಹಾಗೇ ಕೂತಿದ್ದೆವು. ದೊಡ್ಡ ಟ್ರಕ್ಕು ಹೋದಾಗಲೆಲ್ಲ ಕಾರು ಅಲ್ಲಾಡುತ್ತಿತ್ತು. ಆಗ ನಾನು ನಿನಗೆ ಹೇಳಬೇಕಾಗಿದ್ದ ಮಾತೊಂದಿತ್ತು. ನಾಲಿಗೆ ತುದಿಗೆ ಬಂದಿತ್ತು, ಹೇಳಲಿಲ್ಲ. ನೀನೇ ಸುಧಾರಿಸಿಕೊಂಡು "ಯಾರಿಗೂ ಹೇಳ್ಬೇಡ ಅಮ್ಮಾ, ಪ್ಲೀಸ್. ಪ್ರಾಮಿಸ್?" ಎಂದೆ. ನಿನ್ನ ತಲೆಯ ಮೇಲೆ ಕೈಯಿಟ್ಟು ಪ್ರಾಮಿಸ್ ಎಂದೆ.

ಆ ಪ್ರಾಮಿಸ್ ಮೂರು ವಾರವೂ ಬಾಳಲಿಲ್ಲ. ರಾಜ್ಯೋತ್ಸವದ ದಿನ ನಾನು ಹಾಸ್ಯಲೇಖನ ಓದದಿದ್ದರೆ ನಮ್ಮ ಕನ್ನಡ ಕೂಟದವರಿಗೆ ಊಟ ಸೇರುವುದಿಲ್ಲ ಎಂಬ ಭ್ರಮೆ ನನಗೆ. ನಿನ್ನ ಮೊದಲ ಹಲ್ಲು ಬಿದ್ದದ್ದರಿಂದ ಹಿಡಿದು, ಉಪನಯನದ ದಿನ ಭಿಕ್ಷೆಗೆ ಬಂದ ಅಕ್ಕಿ ನೋಡಿ ನೀನು ಪಿಜ್ಜಾ ಇಲ್ವಾ ಎಂದು ಕೇಳಿದ್ದರವರೆಗೆ ಎಲ್ಲವನ್ನೂ ಆ ವೇದಿಕೆಯ ಮೇಲೆ ಓದಿದ್ದೇನೆ. ಹೋದ ವರ್ಷ ಏನೂ ಹೊಳೆದಿರಲಿಲ್ಲ. ತರಕಾರಿ ಇಲ್ಲವೆಂದು ಹಿತ್ತಲ ತುಳಸಿಯನ್ನೇ ಕೊಯ್ದು ಹುಳಿ ಮಾಡಿದ ಹಾಗೆ, ನಿನ್ನ ಆ ದಿನವನ್ನು ಬರೆದುಬಿಟ್ಟೆ. 'ಸೇತುವೆಯ ಮೇಲೆ ಪೈಲ್ವಾನ' ಎಂದು ಹೆಸರು. ಜಿಮ್ಮಿನಲ್ಲಿ ಮಣಭಾರ ಎತ್ತುವ ಮಗ ಸ್ಟೀರಿಂಗ್ ತಿರುಗಿಸಲಾರದೆ ಅಮ್ಮನ ಸೆರಗು ಹುಡುಕಿದ ಕಥೆ. ಅಂದು ನಾನು ಸೀರೆಯನ್ನೇ ಉಟ್ಟಿರಲಿಲ್ಲ. ನಗು ಬರಲಿ ಎಂದು ಸೆರಗನ್ನೂ ಸೇರಿಸಿದೆ ನೋಡು, ಎಂಥವಳು ನಾನು.

ಕನ್ನಡಕದ ವಿಷಯ ಬರೆಯಬೇಕು, ಕೈ ಬರುತ್ತಿಲ್ಲ. ಅಂದು ವಜೀಹಾ ಆಂಟಿಯ ಕಾರಿನಲ್ಲಿ ಜರ್ಮನ್‌ಟೌನಿನ ಹಾಲ್ ಸೇರಿದ ಮೇಲೆ ನೆನಪಾಯಿತು, ಓದುವ ಕನ್ನಡಕ ಮನೆಯಲ್ಲೇ ಉಳಿದಿದೆ ಎಂದು. ನಿಮ್ಮಪ್ಪ ಊರಲ್ಲಿರಲಿಲ್ಲ. ನಿನಗೆ ಫೋನ್ ಮಾಡಿ "ಬೇಗ ತಾರೋ, ನನ್ನ ಸರದಿ ಬಂತು" ಎಂದೆ. ಯಾವ ದಾರಿಯಲ್ಲಿ ಬರಬೇಕು, ಮಧ್ಯೆ ಏನಿದೆ ಎಂದು ಯೋಚಿಸಿದೆನಾ? ಇಲ್ಲ. ಮುಕ್ಕಾಲು ಗಂಟೆಯಲ್ಲಿ ನೀನು ಬಂದು ನಿಂತೆ. ಶರ್ಟು ಬೆನ್ನಿಗೆ ಅಂಟಿತ್ತು, ಆದರೆ ಮುಖ ಅರಳಿತ್ತು. "ಅಮ್ಮಾ, ಐ ಡಿಡ್ ಇಟ್! ಬ್ರಿಜ್ ಮೇಲೇ ಬಂದೆ, ಎಲ್ಲೂ ನಿಲ್ಲಿಸ್ಲಿಲ್ಲ" ಎಂದೆ. ನಾನು ಹ್ಞೂಂ ಹ್ಞೂಂ ಎಂದು ಡಬ್ಬಿಯಿಂದ ಕನ್ನಡಕ ಕಿತ್ತುಕೊಂಡು, ಖಾಲಿ ಡಬ್ಬಿಯನ್ನು ನಿನ್ನ ಕೈಯಲ್ಲೇ ಬಿಟ್ಟು ವೇದಿಕೆಗೆ ಓಡಿದೆ. ನೀನು ಆ ಸೇತುವೆ ದಾಟಿ ತಂದುಕೊಟ್ಟ ಕನ್ನಡಕ ಹಾಕಿಕೊಂಡೇ ನಿನ್ನ ಮಾನ ಹರಾಜು ಹಾಕಿದೆ. ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಸಾಲಿನಲ್ಲಿ ರಾಜಲಕ್ಷ್ಮಿ ಆಂಟಿ ಕಣ್ಣೊರೆಸಿಕೊಂಡರು. ವಜೀಹಾ ಒಬ್ಬಳೇ ನಗಲಿಲ್ಲ, ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಚಪ್ಪಾಳೆ ಮುಗಿದ ಮೇಲೆ ನಾನೂ ನೋಡಿದೆ. ಕೊನೆಯ ಸಾಲಿನ ಕುರ್ಚಿಯ ಮೇಲೆ ಕನ್ನಡಕದ ಡಬ್ಬಿ ಮಾತ್ರ ಇತ್ತು. ನಾನು ಮನೆಗೆ ಬಂದಾಗ ನೀನು "ಯು ಪ್ರಾಮಿಸ್ಡ್, ಅಮ್ಮಾ" ಎಂದೆ. ಬೈದಿದ್ದರೆ, ತಟ್ಟೆ ಎಸೆದಿದ್ದರೆ ಚೆನ್ನಾಗಿತ್ತು. ಎರಡು ವಾರದಲ್ಲಿ ಆರು ಗಂಟೆ ದಾರಿಯ ಶಾರ್ಲೆಟ್‌ನ ಕೆಲಸಕ್ಕೆ ಹೊರಟುಹೋದೆ.

ಈಗ ನನ್ನ ಕಥೆ ಕೇಳು. ವಿಯೆನ್ನಾ ಸ್ಟೇಷನ್ನಿನಲ್ಲಿ ಆರೆಂಜ್ ಲೈನ್ ಟ್ರೇನು ಹತ್ತಿ ನಾನೂ ವಜೀಹಾನೂ ಆಫೀಸಿಗೆ ಹೋಗುವಾಗ ಕನ್ನಡ ಕಾದಂಬರಿಯ ಒಂದೊಂದು ಪುಟ ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಿದ್ದದ್ದು ನಿನಗೆ ಗೊತ್ತು. ಮೈಸೂರಿನ ಮಂಡಿ ಮೊಹಲ್ಲಾದ ಹುಡುಗಿ ಅವಳು, ವಿಲನ್ನಿನ ಮಾತು ಬಂದರೆ ಇಡೀ ಬೋಗಿ ತಿರುಗಿ ನೋಡುವ ಹಾಗೆ ಗುಡುಗುತ್ತಾಳೆ. ಎದುರಿಗೆ ಬಿಳಿ ಗಡ್ಡದ ಒಬ್ಬ ಸೆಕ್ಯೂರಿಟಿ ಗಾರ್ಡ್ ಕೂರುತ್ತಿದ್ದ. ಕನ್ನಡದ ಗಂಧಗಾಳಿ ಇಲ್ಲ, ಆದರೆ ದಿನಾ ಕೇಳುತ್ತಿದ್ದ. ಇಳಿಯುವ ಮುಂಚೆ ಅವನಿಗೆ ಇಂಗ್ಲಿಷಿನಲ್ಲಿ ಅಂದಿನ ಕಥೆ ಒಪ್ಪಿಸಬೇಕಿತ್ತು, ಇಲ್ಲದಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದ. ನೀನು ಹೋದ ಮೇಲೆ ನಾನು ಓದು ನಿಲ್ಲಿಸಿದೆ. ಆ ಕನ್ನಡಕ ಹಾಕಿಕೊಳ್ಳಲು ಆಗುವುದಿಲ್ಲ ಕಣೋ. ಈ ಕಾಗದವನ್ನೂ ಅದಿಲ್ಲದೆಯೇ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಿರುವುದು ಅದಕ್ಕೇ. ನಾವು ಓದುತ್ತಿದ್ದದ್ದು ಜಗಳವಾಡಿ ಮನೆ ಬಿಟ್ಟು ಹೋದ ಹುಡುಗನೊಬ್ಬನ ಕಥೆ, ಅರ್ಧದಲ್ಲೇ ನಿಂತಿತು. ಮೊನ್ನೆ ಆ ಗಾರ್ಡ್ ತಡೆಯಲಾರದೆ ಬಗ್ಗಿ ಕೇಳಿದ, ಆ ಹುಡುಗ ಮನೆಗೆ ಬಂದನೇ ಎಂದು. ಅವನು ಕೇಳಿದ್ದು ಪುಸ್ತಕದ ಹುಡುಗನನ್ನು. ನಾನು ಟ್ರೇನಿನಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ವಜೀಹಾ ಅವನಿಗೆ ಏನೋ ಹೇಳಿದಳು. ಪಾಪ, ಅವನು ತನ್ನ ಊಟದ ಡಬ್ಬದಿಂದ ಒಂದು ಕಿತ್ತಳೆ ಹಣ್ಣು ತೆಗೆದು ನನ್ನ ಕೈಗಿಟ್ಟು ಇಳಿದುಹೋದ. ಹಿಂದಿನ ನಾನಾಗಿದ್ದರೆ ಅದರ ಮೇಲೆ ನಾಲ್ಕು ಪುಟ ಬರೆಯುತ್ತಿದ್ದೆ.

ಆವತ್ತು ವಜೀಹಾ ನನ್ನನ್ನು ಚೆನ್ನಾಗಿ ಉಗಿದಳು. "ಅತ್ತು ಏನ್ ಪ್ರಯೋಜನ ಮೈಥಿಲಿ? ನಿನ್ ಬಾಯಿಂದ ಕೆಟ್ಟಿದ್ದು, ನಿನ್ ಕಾಲಿಂದ ಸರಿ ಮಾಡು" ಎಂದಳು. ಅದಕ್ಕೂ ಮುಂಚೆಯೇ, ಮಾರ್ಚಿನಿಂದ, ಭಾನುವಾರ ಬೆಳಿಗ್ಗೆ ಅವಳು ನನ್ನನ್ನು ಹೈವೇಗೆ ಹತ್ತಿಸಿ ಡ್ರೈವ್ ಮಾಡಿಸುತ್ತಿದ್ದಾಳೆ. ನಗಬೇಡ. ಹೈವೇ ನನಗೆ ಸೇರದು, ಟ್ರೇನಿನಲ್ಲಾದರೆ ಓದಬಹುದು ಎಂದು ಹದಿನೆಂಟು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಮೊದಲ ವಾರ ಒಂದೇ ಎಕ್ಸಿಟ್ಟು. ನನ್ನ ಕೈ ನಡುಗಿದ ಕೂಡಲೇ ಅವಳು ಪಕ್ಕದಲ್ಲಿ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗುತ್ತಾಳೆ. ಹಿಂದಿನವನು ಹಾರ್ನ್ ಮಾಡಿದರೆ ಓದು ನಿಲ್ಲಿಸಿ ಅವನ ವಂಶವನ್ನು ಉರ್ದುವಿನಲ್ಲಿ ವಿಚಾರಿಸಿಕೊಂಡು, ಮತ್ತೆ ಬಿಟ್ಟ ಸಾಲಿಗೇ ಬರುತ್ತಾಳೆ. ಹೋದ ವಾರ ಸೇತುವೆ ದಾಟಿದೆವು. ದಾಟಿದ ಮೇಲೆ ನಿನ್ನ ಕಾರು ನಿಂತಿದ್ದ ಜಾಗ ಕಂಡಿತು.

ಕ್ಷಮೆ ಕೇಳಲು ಎಷ್ಟೋ ಹಾಳೆ ಹರಿದೆ ಪುಟ್ಟಾ. ಕ್ಷಮಿಸು ಎಂದು ಬರೆದರೆ ಕಂಪನಿ ನಾಟಕದ ಮಾತಾಗುತ್ತದೆ, ಸಾರಿ ಎಂದರೆ ಬಸ್ಸಿನಲ್ಲಿ ಕಾಲು ತುಳಿದಷ್ಟು ಹಗುರಾಗುತ್ತದೆ. ತಪ್ಪು ನನ್ನದು. ನಗಿಸುವ ಚಟಕ್ಕೆ ಮಗನನ್ನು ಮಾರಿಕೊಂಡೆ. ನೀನಿಲ್ಲದೆ ಈ ಮನೆಯಲ್ಲಿ ನನಗೆ ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ. ನೀನು ಅಲ್ಲಿ ಕಾರು ಬಿಟ್ಟು ಟ್ರೇನಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದೀಯೆಂದು ನಿಮ್ಮಪ್ಪ ಹೇಳಿದರು. ಸೇತುವೆಯನ್ನು ಗೆದ್ದು ಬಂದಿದ್ದ ಹುಡುಗ ನೀನು, ಆ ಗೆಲುವನ್ನು ಹತ್ತು ನಿಮಿಷವೂ ನಿನ್ನ ಕೈಯಲ್ಲಿ ಇರಗೊಡಲಿಲ್ಲ ನಾನು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮ ಕಡೆಯಿಂದ ಏನಾದರೂ ಬರೆಯಲೇ ಎಂದು ನಾನು ಕೇಳಿದ್ದಕ್ಕೆ ನಿಮ್ಮಪ್ಪ "ಕೇಳ್ದೆ ಅಂತ ಬರಿ" ಎಂದರು, ಬರೆದಿದ್ದೇನೆ. ವಜೀಹಾ ಆಂಟಿ ಸಲಾಂ ಹೇಳಿದ್ದಾಳೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನ್ನ ಲೆಕ್ಕ ಆಮೇಲೆ ನೋಡಿಕೊಳ್ಳಲಿ.

ನಿನ್ನ ಅಮ್ಮ,
ಮೈಥಿಲಿ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಆಗ ನಿನಗೆ ಆರು ವರ್ಷ. ಕನ್ನಡ ಶಾಲೆ ಮುಗಿಸಿಕೊಂಡು ಅರವತ್ತಾರನೇ ನಂಬರಿನ ಹೈವೇಯಲ್ಲಿ ಮನೆಗೆ ಬರುತ್ತಿದ್ದಾಗ ನನ್ನ ಉಸಿರು ಕಟ್ಟಿತು, ಕೈ ಸೆಟೆದುಕೊಂಡಿತು, ಕಾರು ಪಕ್ಕಕ್ಕೆ ನಿಲ್ಲಿಸಿ ಅಳುತ್ತಾ ಕೂತೆ. ಹಿಂದಿನ ಸೀಟಿನಲ್ಲಿ ನೀನಿದ್ದೆ. ಶಾಲೆಯ ಪುಸ್ತಕ ತೆಗೆದು ಅ ಆ ಇಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿ "ಮುಗೀತು ಅಮ್ಮಾ, ಮತ್ತೆ ಓದ್ಲಾ?" ಎಂದೆ. ಎರಡನೆಯ ಸಲ ಮುಗಿಸುವಾಗ ನನಗೆ ಉಸಿರು ಬಂತು. ಯಾರಿಗೂ ಹೇಳಬೇಡ ಎಂದೆ. ನೀನು ಇವತ್ತಿನವರೆಗೂ ಹೇಳಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ. ಅಂದು ಸೇತುವೆಯ ಹತ್ತಿರ ನಿನಗೆ ನಾನು ಹೇಳಬೇಕಾಗಿದ್ದ ಮಾತು ಇದೇ. ನಿನ್ನೆ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ, ಅದೇ ವೇದಿಕೆಯ ಮೇಲೆ ನಿಂತು ಇದನ್ನು ನನ್ನ ಹೆಸರಿನಲ್ಲೇ ಹೇಳಿದೆ. ಪುಸ್ತಕ ಬೇಕಾಗಲಿಲ್ಲ, ಕನ್ನಡಕವೂ ಬೇಕಾಗಲಿಲ್ಲ. ಮೊದಲು ನಕ್ಕರು, ಆಮೇಲೆ ನಗಲಿಲ್ಲ. 18ನೇ ತಾರೀಖು ಶನಿವಾರ ಬೆಳಿಗ್ಗೆ ನಾನೇ ಡ್ರೈವ್ ಮಾಡಿಕೊಂಡು ಶಾರ್ಲೆಟ್‌ಗೆ ಹೊರಡುತ್ತೇನೆ, ಒಬ್ಬಳೇ. ವಜೀಹಾ ಬರುತ್ತೇನೆಂದಳು, ಬೇಡವೆಂದೆ. ನೀನು ಒಬ್ಬನೇ ದಾಟಿ ಬಂದಿದ್ದೆಯಲ್ಲ. ದಾರಿಯಲ್ಲಿ ಕೈ ನಡುಗಿದರೆ ಗಟ್ಟಿಯಾಗಿ ಅ ಆ ಇ ಈ ಹೇಳಿಕೊಳ್ಳುತ್ತೇನೆ. ನಾನು ಬರುವುದು ನಿನಗೆ ಬೇಡವಾದರೆ ಫೋನ್ ಮಾಡಿ ಬರಬೇಡ ಎನ್ನು. ಅಷ್ಟು ಹೇಳುವುದಕ್ಕಾದರೂ ಫೋನ್ ಮಾಡೋ.